ಸೂಜಿ ಚುಚ್ಚುವ ಮೊದಲು, ಚುಚ್ಚುವಾಗ: ಕಂಪ್ಯೂಟರ್ ಚಿತ್ರದ ಮಾತು ಎಷ್ಟು ಕೇಳಬೇಕು?

ಮೂತ್ರರೋಗ ಚಿಕಿತ್ಸೆಯಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುವ ಆಪರೇಷನ್‌ಗಳು ಕಡಿಮೆಯಾಗುತ್ತಾ ಬಂದಿವೆ. ಕಿಡ್ನಿ ಕಲ್ಲು, ಪ್ರಾಸ್ಟೇಟ್ ತೊಂದರೆ, ಕಿಡ್ನಿ ಗೆಡ್ಡೆ, ಮೂತ್ರಕೋಶದ ಕ್ಯಾನ್ಸರ್, ಇವಕ್ಕೆಲ್ಲ ಈಗ ಬಹಳ ಸಲ ಒಂದೆರಡು ಸಣ್ಣ ತೂತು ಸಾಕು. ಕೆಲವಕ್ಕೆ ತೂತೂ ಬೇಡ, ಮೂತ್ರ ಬರುವ ದಾರಿಯಲ್ಲೇ ಒಳಗೆ ಹೋಗಬಹುದು. ಆದರೆ ಗಾಯ ಚಿಕ್ಕದಾದಷ್ಟೂ ವೈದ್ಯರ ಕಣ್ಣಿಗೆ ನೇರವಾಗಿ ಕಾಣುವುದು ಕಡಿಮೆ. ಆ ಕೊರತೆ ತುಂಬಲು ಕಂಪ್ಯೂಟರ್ ಬಂದಿದೆ. ಅದು ಚಿತ್ರವನ್ನು ತಿಳಿಯಾಗಿಸುತ್ತದೆ, ಮೂರು ಆಯಾಮದಲ್ಲಿ ಕಟ್ಟುತ್ತದೆ, ಒಂದರ ಮೇಲೊಂದು ಕೂರಿಸುತ್ತದೆ, ಅನುಮಾನದ ಜಾಗಕ್ಕೆ ಬಣ್ಣ ಹಚ್ಚಿ ತೋರಿಸುತ್ತದೆ. ಹಾಗಾದರೆ ಸೂಜಿ, ಲೇಸರ್, ರೋಬೋಟ್ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಈ ಚಿತ್ರವೇ ತೀರ್ಮಾನಿಸಬೇಕೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಎರಡರಲ್ಲೂ ನಾನು ನಂಬುವ ಮಾತುಗಳೇ ಇವೆ.

ಪರ: ಗುರಿ ಕಾಣದೆ ಚುಚ್ಚುವ ಕಾಲ ಮುಗಿಯಬೇಕು

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಬಯಾಪ್ಸಿಯಿಂದಲೇ, ಅಂದರೆ ಅದರ ಚೂರು ತೆಗೆದು ಪರೀಕ್ಷಿಸುವುದರಿಂದಲೇ, ಶುರು ಮಾಡುತ್ತೇನೆ. ಒಳ್ಳೆಯ ಚಿತ್ರ ಇಲ್ಲದೆ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದು ಅಲ್ಲಿ ಎದ್ದು ಕಾಣುತ್ತದೆ. ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ಜಾಸ್ತಿ ಬಂತು ಅಂದರೆ ಹಿಂದೆಲ್ಲಾ ನೇರವಾಗಿ ಬಯಾಪ್ಸಿಗೆ ಕಳಿಸುತ್ತಿದ್ದರು. ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ನಳಿಕೆ ಇಟ್ಟು, ಗ್ರಂಥಿಯ ಎರಡೂ ಬದಿಗೆ ಸೇರಿ 10–12 ಕಡೆ ಸೂಜಿ ಚುಚ್ಚಿ ಚೂರು ತೆಗೆಯುತ್ತಿದ್ದರು. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿಯ ಅಂಚು ಚೆನ್ನಾಗಿ ಕಾಣುತ್ತದೆ. ಒಳಗಿನ ಕ್ಯಾನ್ಸರ್ ಬಹಳ ಸಲ ಕಾಣುವುದಿಲ್ಲ. ಗುರಿಯೇ ಕಾಣದ ಮೇಲೆ ಸೂಜಿ ಸಿಕ್ಕಿದ ಕಡೆ ಹೋಗುತ್ತದೆ, ಅಷ್ಟೇ. ಗೆಡ್ಡೆ ಗ್ರಂಥಿಯ ಮುಂಭಾಗದಲ್ಲಿ ಇದ್ದರೆ ಹಿಂದಿನಿಂದ ಬಂದ ಸೂಜಿ ಅಲ್ಲಿಗೆ ತಲುಪದೇ ಹೋಗಬಹುದು. ಏನೂ ಇಲ್ಲ ಅಂತ ವರದಿ ಬರುತ್ತಿತ್ತು. ಪಿಎಸ್‌ಎ ಮತ್ತೆ ಏರುತ್ತಿತ್ತು. ಮತ್ತೆ ಅದೇ ಬಯಾಪ್ಸಿ, ಅದೇ ನೋವು, ಅದೇ ಸೋಂಕಿನ ಭಯ.

2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಪ್ರಾಮಿಸ್ ಅಧ್ಯಯನ ಇದನ್ನು ಅಳೆದು ತೋರಿಸಿತು. 576 ಗಂಡಸರಿಗೆ ಮೂರೂ ಪರೀಕ್ಷೆ ಮಾಡಿದರು. ಒಂದು ಎಂಆರ್‌ಐ. ಇನ್ನೊಂದು ಹಳೇ ರೀತಿಯ ಬಯಾಪ್ಸಿ. ಮೂರನೆಯದು, ಪ್ರತಿ 5 ಮಿಲಿಮೀಟರ್‌ಗೆ ಒಂದು ಸೂಜಿಯಂತೆ ಇಡೀ ಗ್ರಂಥಿಯನ್ನು ಜಾಲಾಡುವ ಬಯಾಪ್ಸಿ. ಈ ಮೂರನೆಯದನ್ನೇ ಸತ್ಯದ ಅಳತೆಗೋಲು ಅಂತ ಇಟ್ಟುಕೊಂಡರು. ಗಂಭೀರ ಕ್ಯಾನ್ಸರ್ ಇದ್ದವರಲ್ಲಿ 93% ಜನರನ್ನು ಎಂಆರ್‌ಐ ಹಿಡಿಯಿತು. ಹಳೇ ಬಯಾಪ್ಸಿ ಹಿಡಿದದ್ದು 48%. ಅರ್ಧಕ್ಕಿಂತ ಹೆಚ್ಚು ಜನರ ಅಪಾಯಕಾರಿ ರೋಗವನ್ನು ಆ ಸೂಜಿ ದಾಟಿಕೊಂಡು ಹೋಗಿತ್ತು. ಎಷ್ಟೋ ವರ್ಷ ಇದನ್ನೇ ನಂಬಿ ಜನರಿಗೆ ಧೈರ್ಯ ಹೇಳಿ ಕಳಿಸಿದ್ದೆವು ಅಂತ ನೆನೆದರೆ ಸಂಕಟವಾಗುತ್ತದೆ.

ಮರುವರ್ಷ, 2018ರಲ್ಲಿ, ಪ್ರಿಸಿಷನ್ ಅನ್ನುವ ಅಧ್ಯಯನ ಬಂತು. 11 ದೇಶಗಳ 500 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಬಯಾಪ್ಸಿ. ಇನ್ನೊಂದು ಗುಂಪಿಗೆ ಮೊದಲು ಎಂಆರ್‌ಐ, ಅದರಲ್ಲಿ ಅನುಮಾನ ಕಂಡರೆ ಮಾತ್ರ ಆ ಜಾಗಕ್ಕೆ ಸೂಜಿ. ಎಂಆರ್‌ಐ ಗುಂಪಿನಲ್ಲಿ ಗಂಭೀರ ಕ್ಯಾನ್ಸರ್ 38% ಜನರಲ್ಲಿ ಸಿಕ್ಕಿತು, ಮಾಮೂಲಿ ಗುಂಪಿನಲ್ಲಿ 26%. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ ಎರಡು ಅಂಕಿಗಳು. ಎಂಆರ್‌ಐ ಗುಂಪಿನ 28% ಜನರಿಗೆ ಸೂಜಿಯೇ ಬೇಕಾಗಲಿಲ್ಲ. ತೊಂದರೆ ಕೊಡದ ಸಣ್ಣ ಕ್ಯಾನ್ಸರ್ ಅವರಲ್ಲಿ ಸಿಕ್ಕಿದ್ದು 9% ಜನರಿಗೆ, ಮಾಮೂಲಿ ಗುಂಪಿನಲ್ಲಿ 22%.

ಸಣ್ಣ ಕ್ಯಾನ್ಸರ್ ಸಿಗದೇ ಇರುವುದು ಲಾಭವೇ? ಹೌದು, ದೊಡ್ಡ ಲಾಭ. ಪ್ರಾಸ್ಟೇಟ್‌ನ ಎಷ್ಟೋ ಕ್ಯಾನ್ಸರ್‌ಗಳು ಬದುಕಿರುವಷ್ಟು ಕಾಲ ಸುಮ್ಮನೆ ಇರುತ್ತವೆ. ಬ್ರಿಟನ್‌ನ ಪ್ರೊಟೆಕ್ಟ್ ಅಧ್ಯಯನದಲ್ಲಿ, ರೋಗ ಗ್ರಂಥಿಯಲ್ಲೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದ್ದರು. ಕೆಲವರಿಗೆ ಆಪರೇಷನ್, ಕೆಲವರಿಗೆ ವಿಕಿರಣ, ಇನ್ನು ಕೆಲವರಿಗೆ ಬರೀ ನಿಗಾ. 2023ರಲ್ಲಿ ಬಂದ 15 ವರ್ಷದ ಲೆಕ್ಕದಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ 100ಕ್ಕೆ 3 ಜನ. ಹೀಗಿರುವಾಗ, ಸುಮ್ಮನಿದ್ದ ಕ್ಯಾನ್ಸರ್ ಒಂದನ್ನು ಕೆದಕಿ ತೆಗೆದರೆ ಮನುಷ್ಯನಿಗೆ ಸಿಗುವುದು ಚಿಂತೆ. ಅದಕ್ಕೆ ಆಪರೇಷನ್ ಮಾಡಿಸಿಕೊಂಡರೆ ಮೂತ್ರ ಸೋರುವುದು, ನಿಮಿರುವಿಕೆ ಹೋಗುವುದು. ಯಾರಿಗೆ ಕೈ ಹಾಕಬಾರದು ಅಂತ ಹೇಳುವ ಚಿತ್ರ ನನ್ನ ಪಾಲಿಗೆ ಯಾರಿಗೆ ಕೈ ಹಾಕಬೇಕು ಅಂತ ಹೇಳುವ ಚಿತ್ರಕ್ಕಿಂತ ಬೆಲೆಯುಳ್ಳದ್ದು.

ಈ ಎಂಆರ್‌ಐ ಅಂದರೆ ಬರೀ ಫೋಟೋ ಅಂದುಕೊಳ್ಳಬೇಡಿ. ಅದರ ಒಂದು ಮುಖ್ಯ ಭಾಗ ನೀರಿನ ಕಣಗಳು ಎಷ್ಟು ಸರಾಗವಾಗಿ ಓಡಾಡುತ್ತವೆ ಅನ್ನುವ ಅಳತೆ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಇರುತ್ತವೆ, ಅಲ್ಲಿ ನೀರಿನ ಓಡಾಟ ಕಡಿಮೆ. ಬೇರೆ ಬೇರೆ ಮಟ್ಟದಲ್ಲಿ ಹಲವು ಸಲ ಅಳೆದು, ಪ್ರತಿ ಚುಕ್ಕಿಗೂ ಕಂಪ್ಯೂಟರ್ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ಆ ಸಂಖ್ಯೆಗಳೇ ಕಪ್ಪು ಬಿಳುಪಿನ ನಕ್ಷೆಯಾಗುತ್ತವೆ. ಲೆಕ್ಕ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ. ಅದನ್ನು ನೋಡಿ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ಓದುವ ವೈದ್ಯರು, 1ರಿಂದ 5ರ ತನಕ ಅಂಕ ಕೊಡುತ್ತಾರೆ. 5 ಅಂದರೆ ಗಂಭೀರ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಹೆಚ್ಚು.

ಮುಂದಿನ ಹೆಜ್ಜೆ ಚಿತ್ರಗಳ ಜೋಡಣೆ. ಎಂಆರ್‌ಐನಲ್ಲಿ ಗುರುತು ಹಾಕಿದ ಜಾಗವನ್ನು ಬಯಾಪ್ಸಿ ಹೊತ್ತಿನ ಅಲ್ಟ್ರಾಸೌಂಡ್ ಮೇಲೆ ಸಾಫ್ಟ್‌ವೇರ್ ಕೂರಿಸುತ್ತದೆ. ಸೂಜಿ ಎಲ್ಲಿ ಹೋಯಿತು ಅನ್ನುವುದು ಮೂರು ಆಯಾಮದಲ್ಲಿ ದಾಖಲಾಗುತ್ತದೆ. ನಿಗಾದಲ್ಲಿರುವ ಮನುಷ್ಯನಿಗೆ ಇದು ಬಹಳ ಉಪಯೋಗ. ಎರಡು ವರ್ಷದ ನಂತರ ಮತ್ತೆ ನೋಡಬೇಕಾದಾಗ ಅದೇ ಜಾಗಕ್ಕೆ ವಾಪಸ್ ಹೋಗಬಹುದು. ಎಡಭಾಗ, ತಳದ ಹತ್ತಿರ ಅಂತ ಕಾಗದದ ಮೇಲೆ ಬರೆದಿಟ್ಟ ಮಾತಿನಿಂದ ಅದು ಸಾಧ್ಯವಿಲ್ಲ.

ಇನ್ನು ಕಲ್ಲಿನ ವಿಷಯ. ಕಿಡ್ನಿ ಕಲ್ಲಿನ ಚಿಕಿತ್ಸೆ ಬೆಳೆದದ್ದೇ ಚಿತ್ರದ ಹಿಂದೆ. 1976ರಲ್ಲಿ ಸ್ವೀಡನ್‌ನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್, ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ಎಕ್ಸ್‌ರೇ ನೋಡಿಕೊಂಡು ಕಲ್ಲು ತೆಗೆದದ್ದನ್ನು ವರದಿ ಮಾಡಿದರು. 1980ರಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು ಹೊರಗಿನಿಂದಲೇ ಆಘಾತ ತರಂಗ ಕಳಿಸಿ ಮೊದಲ ರೋಗಿಯ ಕಲ್ಲು ಪುಡಿ ಮಾಡಿದರು. ಆ ಯಂತ್ರ ಮಾಡಿದ್ದು ವಿಮಾನ ತಯಾರಿಸುವ ಡಾರ್ನಿಯರ್ ಕಂಪನಿ. ರೋಗಿ ನೀರಿನ ತೊಟ್ಟಿಯಲ್ಲಿ ಇರುತ್ತಿದ್ದ. ಎರಡು ದಿಕ್ಕಿನಿಂದ ಬರುವ ಎಕ್ಸ್‌ರೇಗಳು ಕಲ್ಲಿನ ಮೇಲೆ ಸಂಧಿಸುತ್ತಿದ್ದವು. ಆ ಎರಡು ಚಿತ್ರಗಳಿಲ್ಲದೆ ತರಂಗವನ್ನು ಎಲ್ಲಿಗೆ ಬಿಡುವುದು?

ಬೆನ್ನಿನಿಂದ ತೂತು ಮಾಡುವಾಗ ಸೂಜಿ ಹೋಗುವ ದಾರಿಯ ಅಕ್ಕಪಕ್ಕ ಏನೇನಿದೆ ನೋಡಿ. ಮೇಲೆ ಶ್ವಾಸಕೋಶದ ಹೊದಿಕೆ. ಪಕ್ಕದಲ್ಲಿ ದೊಡ್ಡ ಕರುಳು. ಎಡಗಡೆ ಗುಲ್ಮ, ಬಲಗಡೆ ಲಿವರ್. ಕೆಲವರಿಗೆ ಕರುಳು ಕಿಡ್ನಿಯ ಹಿಂದಕ್ಕೇ ಸರಿದಿರುತ್ತದೆ. ಸಿಟಿ ಸ್ಕ್ಯಾನ್ ನೋಡದೆ ಅಲ್ಲಿ ಚುಚ್ಚುವುದು ನನ್ನ ಮಟ್ಟಿಗೆ ಒಪ್ಪಲಾಗದ ಧೈರ್ಯ.

ಸಿಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಪ್ರತಿ ಚುಕ್ಕಿಗೂ, ಆ ಜಾಗ ಎಷ್ಟು ದಟ್ಟ ಅಂತ ಹೇಳುವ ಹೌನ್ಸ್‌ಫೀಲ್ಡ್ ಅನ್ನುವ ಸಂಖ್ಯೆ ಇರುತ್ತದೆ. 1971ರಲ್ಲಿ ಮೊದಲ ರೋಗಿಯ ಸಿಟಿ ತೆಗೆದ ಯಂತ್ರವನ್ನು ರೂಪಿಸಿದವರ ಹೆಸರು ಅದು. ಕಲ್ಲಿನ ಆ ಸಂಖ್ಯೆ 1,000 ದಾಟಿದರೆ ಆಘಾತ ತರಂಗಕ್ಕೆ ಅದು ಸುಲಭವಾಗಿ ಒಡೆಯುವುದಿಲ್ಲ. ಮೊದಲೇ ಗೊತ್ತಾದರೆ ಸುಮ್ನೆ ಸಾವಿರಾರು ಹೊಡೆತ ಕೊಟ್ಟು ಕಿಡ್ನಿಗೆ ಪೆಟ್ಟು ಮಾಡುವುದು ತಪ್ಪುತ್ತದೆ, ನೇರವಾಗಿ ಲೇಸರ್‌ಗೆ ಹೋಗಬಹುದು. ಎರಡು ಶಕ್ತಿಯ ಎಕ್ಸ್‌ರೇ ಬಳಸುವ ಸಿಟಿಯಂತೂ ಯೂರಿಕ್ ಆಮ್ಲದ ಕಲ್ಲು ಯಾವುದು, ಕ್ಯಾಲ್ಸಿಯಂ ಕಲ್ಲು ಯಾವುದು ಅಂತ ಬಣ್ಣದಲ್ಲೇ ಬೇರೆ ಮಾಡಿ ತೋರಿಸುತ್ತದೆ. ಯೂರಿಕ್ ಆಮ್ಲದ ಕಲ್ಲನ್ನು ಮೂತ್ರ ಕ್ಷಾರವಾಗುವಂತೆ ಮಾತ್ರೆ ಕೊಟ್ಟು ಕರಗಿಸಬಹುದು. ಆಪರೇಷನ್ನೇ ಬೇಡ! ಗಾಯ ಕಡಿಮೆ ಮಾಡುವ ಚಿಕಿತ್ಸೆಯ ಕೊನೆಯ ಮೆಟ್ಟಿಲು ಗಾಯವೇ ಇಲ್ಲದಿರುವುದು ಅಲ್ವಾ?

ಸಿಟಿಯ ವಿಕಿರಣದ ಬಗ್ಗೆ ಭಯ ಇದ್ದೇ ಇದೆ, ಇರಬೇಕಾದದ್ದೇ. ಅದಕ್ಕೂ ಕಂಪ್ಯೂಟರ್ ನೆರವಾಗಿದೆ. ಹೊಟ್ಟೆಯ ಸಾಮಾನ್ಯ ಸಿಟಿಗೆ ಸುಮಾರು 10 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ತಗಲುತ್ತದೆ. ಕಲ್ಲು ಹುಡುಕಲು ಕಡಿಮೆ ಪ್ರಮಾಣದ ಸಿಟಿ ಸಾಕು, ಅದು 4ಕ್ಕಿಂತ ಕೆಳಗೆ ಇರುತ್ತದೆ. ವಿಕಿರಣ ಕಡಿಮೆ ಮಾಡಿದಾಗ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಗದ್ದಲವನ್ನು ಲೆಕ್ಕದಿಂದ ತೆಗೆಯಬಹುದು. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ, ಅದರ ಜೊತೆ ಹೋಲಿಸಿ ನೋಡಿ.

ಆಪರೇಷನ್ ನಡೆಯುವಾಗಲೂ ಚಿತ್ರ ಕೈಬಿಡುವುದಿಲ್ಲ. ಕಿಡ್ನಿಯಲ್ಲಿ ಗೆಡ್ಡೆ ಇದ್ದರೆ ಇಡೀ ಕಿಡ್ನಿ ತೆಗೆಯುವ ಬದಲು ಗೆಡ್ಡೆಯಷ್ಟನ್ನೇ ತೆಗೆಯುವುದು ಈಗ ರೂಢಿ. ಅದಕ್ಕೆ ರಕ್ತನಾಳವನ್ನು ಸ್ವಲ್ಪ ಹೊತ್ತು ಬಿಗಿಹಿಡಿಯಬೇಕು. ಆ ಹೊತ್ತು 25–30 ನಿಮಿಷ ದಾಟದಂತೆ ನೋಡಿಕೊಳ್ಳುತ್ತಾರೆ. ಗೆಡ್ಡೆ ಕಿಡ್ನಿಯ ಒಳಗೇ ಹುದುಗಿದ್ದರೆ ಹೊರಗಿನಿಂದ ಏನೂ ಕಾಣದು. ಆಗ ಕಿಡ್ನಿಯ ಮೇಲೇ ಅಲ್ಟ್ರಾಸೌಂಡ್ ಇಟ್ಟು ಅಂಚು ಗುರುತಿಸುತ್ತಾರೆ. ರಕ್ತಕ್ಕೆ ಹಸಿರು ಬಣ್ಣದ್ರವ್ಯ ಕೊಟ್ಟು, ವಿಶೇಷ ಬೆಳಕಿನಲ್ಲಿ ರಕ್ತ ಹರಿಯುವ ಭಾಗ ಯಾವುದು, ಹರಿಯದ ಭಾಗ ಯಾವುದು ಅಂತ ನೋಡುತ್ತಾರೆ. ಗಡಿಯಾರ ಓಡುತ್ತಿರುವಾಗ ಹುಡುಕುತ್ತಾ ಕೂರುವುದಕ್ಕೆ ಆಗುವುದಿಲ್ಲ.

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟಿದವರಿಗೆ ನೀರಿನ ಧಾರೆಯಿಂದ ಗ್ರಂಥಿ ಕೆತ್ತುವ ಯಂತ್ರ ಬಂದಿದೆ. ಅಲ್ಟ್ರಾಸೌಂಡ್ ಚಿತ್ರದ ಮೇಲೆ ಸರ್ಜನ್ ಗೆರೆ ಎಳೆಯುತ್ತಾರೆ, ಯಂತ್ರ ಅಷ್ಟನ್ನೇ ಕೆತ್ತುತ್ತದೆ. 2018ರಲ್ಲಿ ಪ್ರಕಟವಾದ ವಾಟರ್ ಅಧ್ಯಯನ ಇದನ್ನು ಕರೆಂಟ್ ಹರಿಯುವ ತಂತಿಯಿಂದ ಗ್ರಂಥಿ ಕೆತ್ತುವ ಮಾಮೂಲಿ ಆಪರೇಷನ್ ಜೊತೆ ಹೋಲಿಸಿತು. ಮೂತ್ರದ ತೊಂದರೆ ಎರಡರಲ್ಲೂ ಒಂದೇ ರೀತಿ ಕಡಿಮೆಯಾಯಿತು. ಆದರೆ ವೀರ್ಯ ಹೊರಬರುವುದು ನಿಂತುಹೋದದ್ದು ಮಾಮೂಲಿ ಆಪರೇಷನ್‌ನಲ್ಲಿ 36%, ನೀರಿನ ಧಾರೆಯಲ್ಲಿ 10%. ಯಾವ ಭಾಗ ಉಳಿಸಬೇಕು ಅಂತ ಚಿತ್ರದಲ್ಲಿ ಗುರುತಿಸಲು ಸಾಧ್ಯವಾದದ್ದರಿಂದ ಬಂದ ವ್ಯತ್ಯಾಸ ಇದು.

ಕೊನೆಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ. 2024ರಲ್ಲಿ ಪಿಐ-ಸಿಎಐ ಅನ್ನುವ ದೊಡ್ಡ ಅಧ್ಯಯನದಲ್ಲಿ ಪ್ರಾಸ್ಟೇಟ್ ಎಂಆರ್‌ಐ ಓದುವ ಎಐ ಅನ್ನು 62 ರೇಡಿಯಾಲಜಿಸ್ಟ್‌ಗಳ ಎದುರು ಇಟ್ಟರು. ಗಂಭೀರ ಕ್ಯಾನ್ಸರ್ ಇದೆಯೋ ಇಲ್ಲವೋ ಬೇರ್ಪಡಿಸುವ ಅಂಕದಲ್ಲಿ (1 ಅಂದರೆ ಒಂದೂ ತಪ್ಪಿಲ್ಲ) ಎಐಗೆ 0.91, ವೈದ್ಯರಿಗೆ ಸರಾಸರಿ 0.86. ವರ್ಷಗಟ್ಟಲೆ ಪ್ರಾಸ್ಟೇಟ್ ಚಿತ್ರಗಳನ್ನೇ ಓದಿದ ಕಣ್ಣು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಅಂಥ ಕಣ್ಣು ಇಲ್ಲದ ಕಡೆ ರೋಗಿಗೆ ಸಿಗಬೇಕಾದ ಎರಡನೇ ಅಭಿಪ್ರಾಯವನ್ನು ಯಂತ್ರ ಕೊಡಬಲ್ಲದು ಅಂದರೆ, ಅದನ್ನು ತಡೆಹಿಡಿಯಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ವಿರೋಧ: ನೋಡಲು ನೆರವಾಗಲಿ, ಆಜ್ಞೆ ಮಾಡುವುದು ಬೇಡ

ಮೇಲಿನ ವಾದದಲ್ಲಿ ಗಟ್ಟಿಯಾದ ಪುರಾವೆ ಎಲ್ಲೆಲ್ಲಿ ಇದೆ ಅಂತ ಗಮನಿಸಿ. ಬಯಾಪ್ಸಿ ಬೇಕೋ ಬೇಡವೋ. ಕಲ್ಲು ಕರಗುತ್ತದೋ ಇಲ್ಲವೋ. ಇವೆಲ್ಲ ಸೂಜಿ ಹಿಡಿಯುವ ಮೊದಲಿನ ತೀರ್ಮಾನಗಳು. ಅಲ್ಲಿ ಚಿತ್ರದ ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ಪ್ರಶ್ನೆ ಅದಷ್ಟೇ ಅಲ್ಲ. ಒಳಗೆ ಹೋದ ಮೇಲೆ ಉಪಕರಣವನ್ನು ಆ ಚಿತ್ರವೇ ನಡೆಸಬೇಕೇ ಅನ್ನುವುದು. ಅಲ್ಲಿಗೆ ಬಂದರೆ ಪುರಾವೆ ತೆಳ್ಳಗಾಗುತ್ತದೆ.

ಚಿತ್ರ ಜೋಡಿಸುವ ಸಾಫ್ಟ್‌ವೇರ್ ತೆಗೆದುಕೊಳ್ಳಿ. ಎಂಆರ್‌ಐನಲ್ಲಿ ಕಂಡ ಜಾಗಕ್ಕೆ ಸೂಜಿ ಮುಟ್ಟಿಸಲು ಮೂರು ದಾರಿ ಇವೆ. ಸಾಫ್ಟ್‌ವೇರ್ ಬಳಸಿ ಎರಡು ಚಿತ್ರ ಜೋಡಿಸುವುದು. ಎಂಆರ್‌ಐ ಯಂತ್ರದ ಒಳಗೇ ಬಯಾಪ್ಸಿ ಮಾಡುವುದು. ಇಲ್ಲವೇ ವೈದ್ಯರು ಎಂಆರ್‌ಐ ಚೆನ್ನಾಗಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡು, ಅಲ್ಟ್ರಾಸೌಂಡ್‌ನಲ್ಲಿ ಅದೇ ಜಾಗ ಹುಡುಕುವುದು. ನೆದರ್ಲೆಂಡ್ಸ್‌ನ ಫ್ಯೂಚರ್ ಅಧ್ಯಯನ ಈ ಮೂರನ್ನೂ ಎದುರುಬದುರು ಇಟ್ಟಿತು. ಫಲಿತಾಂಶ 2019ರಲ್ಲಿ ಬಂತು. ಗಂಭೀರ ಕ್ಯಾನ್ಸರ್ ಹಿಡಿಯುವುದರಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಒಳ್ಳೆಯ ಎಂಆರ್‌ಐ ಮತ್ತು ಅದನ್ನು ಓದಬಲ್ಲ ಮನುಷ್ಯ. ಪರದೆಯ ಮೇಲಿನ ಬಣ್ಣದ ಗುರುತು ಹೆಚ್ಚೇನೂ ಸೇರಿಸಲಿಲ್ಲ.

ಯಾಕೆ ಹೀಗೆ? ದೇಹ ಒಂದೇ ಕಡೆ ನಿಲ್ಲುವುದಿಲ್ಲ. ಎಂಆರ್‌ಐ ತೆಗೆದಾಗ ಮನುಷ್ಯ ಅಂಗಾತ ಮಲಗಿದ್ದ. ಬಯಾಪ್ಸಿ ಮಾಡುವಾಗ ಪಕ್ಕಕ್ಕೆ ಮಲಗಿದ್ದಾನೆ ಅಥವಾ ಕಾಲು ಎತ್ತಿಕೊಂಡಿದ್ದಾನೆ. ಅಲ್ಟ್ರಾಸೌಂಡ್ ನಳಿಕೆ ಗ್ರಂಥಿಯನ್ನು ಒತ್ತಿ ಅದರ ಆಕಾರ ಬದಲಿಸುತ್ತದೆ. ಮೂತ್ರಕೋಶ ಆವತ್ತು ತುಂಬಿತ್ತು, ಇವತ್ತು ಖಾಲಿ. ಸಾಫ್ಟ್‌ವೇರ್ ಇದನ್ನೆಲ್ಲ ಅಂದಾಜು ಮಾಡಿ ಎಂಆರ್‌ಐ ಚಿತ್ರವನ್ನು ಎಳೆದು ಬಗ್ಗಿಸಿ ಕೂರಿಸುತ್ತದೆ. ಗೆಡ್ಡೆ 5–6 ಮಿಲಿಮೀಟರ್ ಇದ್ದರೆ ಆ ಅಂದಾಜಿನ ಸಣ್ಣ ತಪ್ಪೂ ಸೂಜಿಯನ್ನು ಪಕ್ಕಕ್ಕೆ ಕಳಿಸಲು ಸಾಕು. ಪರದೆಯಲ್ಲಿ ಮಾತ್ರ ಸೂಜಿ ಸರಿಯಾಗಿ ವೃತ್ತದ ನಡುವೆಯೇ ಕಾಣುತ್ತದೆ. ಈ ನಿಖರತೆಯ ತೋರಿಕೆಯೇ ನನ್ನನ್ನು ಹೆಚ್ಚು ಕಾಡುವುದು. ಅಂದಾಜನ್ನು ಮಬ್ಬಾಗಿ ತೋರಿಸಿದರೆ ವೈದ್ಯರು ಎಚ್ಚರವಾಗಿರುತ್ತಾರೆ. ಚೂಪಾದ ಗೆರೆಯಲ್ಲಿ ತೋರಿಸಿದರೆ ನಂಬುತ್ತಾರೆ.

ಕಿಡ್ನಿಯಲ್ಲಿ ಇನ್ನೂ ಕಷ್ಟ. ಉಸಿರಾಡಿದಾಗಲೆಲ್ಲ ಅದು ಮೇಲೆ ಕೆಳಗೆ ಸರಿಯುತ್ತದೆ. ಆಪರೇಷನ್‌ಗೆ ರೋಗಿಯನ್ನು ಪಕ್ಕಕ್ಕೆ ಮಲಗಿಸುತ್ತಾರೆ. ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ. ಸುತ್ತಲಿನ ಕೊಬ್ಬು ಬಿಡಿಸಿ ಕಿಡ್ನಿಯನ್ನೇ ತಿರುಗಿಸುತ್ತಾರೆ. ರಕ್ತನಾಳ ಬಿಗಿಹಿಡಿದಾಗ ಅದರ ಗಾತ್ರವೇ ಬದಲಾಗುತ್ತದೆ. ಆಪರೇಷನ್‌ಗೆ ಎಷ್ಟೋ ದಿನ ಮೊದಲು ತೆಗೆದ ಸಿಟಿಯಿಂದ ಮಾಡಿದ ಮೂರು ಆಯಾಮದ ಮಾದರಿಯನ್ನು ಇಂಥ ಕಿಡ್ನಿಯ ಮೇಲೆ ಬಿಂಬಿಸಿ ಇಲ್ಲಿ ಕೊಯ್ಯಿ ಅನ್ನುವುದು ಬಹಳ ದೊಡ್ಡ ಮಾತು. ಆ ಕ್ಷಣದಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಬೇರೆ, ಅದು ಈಗಿರುವುದನ್ನು ತೋರಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಚಿತ್ರ ತಿಳಿಯಾಗಿಸುವ ಲೆಕ್ಕಗಳ ಬಗ್ಗೆಯೂ ಹೇಳಬೇಕು. ಹಳೆಯ ವಿಧಾನಗಳಲ್ಲಿ ಮಾಹಿತಿ ಕಡಿಮೆಯಾದರೆ ಚಿತ್ರ ಮಸುಕಾಗುತ್ತಿತ್ತು, ನೋಡುವವರಿಗೆ ಅದು ಗೊತ್ತಾಗುತ್ತಿತ್ತು. ಕಲಿತ ಯಂತ್ರ ಹಾಗಲ್ಲ. ಕಡಿಮೆ ಮಾಹಿತಿ ಕೊಟ್ಟರೂ ಅದು ಚೆಂದದ ಚಿತ್ರ ಕೊಡುತ್ತದೆ, ಯಾಕೆಂದರೆ ಖಾಲಿ ಜಾಗವನ್ನು ಹಿಂದೆ ನೋಡಿದ ಸಾವಿರಾರು ಚಿತ್ರಗಳ ನೆನಪಿನಿಂದ ತುಂಬುತ್ತದೆ. 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಒಂದು ಲೇಖನ, ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಮಾಡಿದರೂ ಇಂಥ ಕೆಲವು ವಿಧಾನಗಳಲ್ಲಿ ಚಿತ್ರ ಕೆಡುತ್ತದೆ, ಗೆಡ್ಡೆಯಂಥ ಸಣ್ಣ ರಚನೆ ಕಾಣೆಯಾಗಬಹುದು ಅಂತ ತೋರಿಸಿತು. ಅದೇ ವರ್ಷ ಮಿದುಳಿನ ಎಂಆರ್‌ಐ ಚಿತ್ರಗಳನ್ನು ವೇಗವಾಗಿ ಕಟ್ಟುವ ಫಾಸ್ಟ್‌ಎಂಆರ್‌ಐ ಸ್ಪರ್ಧೆಯಲ್ಲಿ, ನಿಜವಾಗಿ ಇಲ್ಲದ ರಚನೆಗಳು ಚಿತ್ರದಲ್ಲಿ ಹುಟ್ಟಿಕೊಂಡದ್ದನ್ನು ರೇಡಿಯಾಲಜಿಸ್ಟ್‌ಗಳೇ ಗುರುತಿಸಿದರು. ಬರೀ ಓದುವ ಚಿತ್ರದಲ್ಲಿ ಈ ತಪ್ಪು ಆದರೆ ಇನ್ನೊಂದು ಸ್ಕ್ಯಾನ್ ಮಾಡಿ ತಿದ್ದಿಕೊಳ್ಳಬಹುದು. ಅದೇ ಚಿತ್ರದ ಮೇಲೆ ಲೇಸರ್ ನಡೆಯುತ್ತಿದ್ದರೆ ತಿದ್ದಲು ಸಮಯ ಇರುವುದಿಲ್ಲ.

ಕೊನೆಯ ತೀರ್ಮಾನ ಮನುಷ್ಯನದ್ದೇ, ಭಯ ಯಾಕೆ ಅಂತ ಕೇಳುತ್ತಾರೆ. ಆದರೆ ಯಂತ್ರ ಮೊದಲು ಮಾತಾಡಿದರೆ ಮನುಷ್ಯ ಸ್ವತಂತ್ರವಾಗಿ ಯೋಚಿಸುವುದು ಕಡಿಮೆಯಾಗುತ್ತದೆ. 2023ರಲ್ಲಿ ಸ್ತನದ ಎಕ್ಸ್‌ರೇ ಓದುವ 27 ರೇಡಿಯಾಲಜಿಸ್ಟ್‌ಗಳ ಮೇಲೆ ಒಂದು ಪ್ರಯೋಗ ನಡೆಯಿತು. ಎಐ ಹೇಳಿದ್ದು ಅಂತ ಕೆಲವು ತಪ್ಪು ಅಂಕಗಳನ್ನು ಬೇಕೆಂದೇ ತೋರಿಸಿದರು. ಯಂತ್ರ ಸರಿ ಹೇಳಿದಾಗ ಬಹಳ ಅನುಭವಿಗಳು ಸುಮಾರು 82% ಸರಿ ಓದಿದರು. ಯಂತ್ರ ತಪ್ಪು ಹೇಳಿದಾಗ ಅದು ಸುಮಾರು 45%ಕ್ಕೆ ಬಿತ್ತು. ಅನುಭವ ಕಡಿಮೆ ಇದ್ದವರದ್ದು 80%ರಿಂದ 20%ಕ್ಕೆ! ಮೇಲಿನ ಪರ ವಾದದಲ್ಲಿ ಅನುಭವಿ ಕಣ್ಣು ಇಲ್ಲದ ಕಡೆಗೇ ಎಐ ಬೇಕು ಅಂತ ಹೇಳಿದೆ. ಅದರ ತಪ್ಪಿಗೆ ಸುಲಭವಾಗಿ ಬಲಿಯಾಗುವುದೂ ಅಲ್ಲೇ.

ಪಿಐ-ಸಿಎಐ ಅಧ್ಯಯನಕ್ಕೆ ಇನ್ನೊಂದು ಅರ್ಧ ಇದೆ. ಆ 62 ವೈದ್ಯರು ಓದಿದ್ದು ಪ್ರಯೋಗಕ್ಕೆಂದು ಜೋಡಿಸಿದ ವ್ಯವಸ್ಥೆಯಲ್ಲಿ. ಆಸ್ಪತ್ರೆಯ ನಿತ್ಯದ ಕೆಲಸದಲ್ಲಿ, ರೋಗಿಯ ಹಿನ್ನೆಲೆ ಗೊತ್ತಿದ್ದು ಸಹೋದ್ಯೋಗಿಗಳ ಜೊತೆ ಚರ್ಚಿಸಿ ಕೊಟ್ಟ ವರದಿಗಳ ಜೊತೆ ಹೋಲಿಸಿದಾಗ, ಎಐ ಅವಕ್ಕಿಂತ ಕಡಿಮೆಯಿಲ್ಲ ಅಂತ ಸಾಬೀತು ಮಾಡಲು ಆಗಲಿಲ್ಲ. ಹಾಗೆಯೇ ಪ್ರಾಮಿಸ್‌ನಲ್ಲೂ 93% ಜೊತೆಗೆ ಹೇಳದೇ ಬಿಟ್ಟ ಅಂಕಿ ಇದೆ. ಎಂಆರ್‌ಐ ಅನುಮಾನ ಅಂದವರಲ್ಲಿ ಗಂಭೀರ ಕ್ಯಾನ್ಸರ್ ಇದ್ದದ್ದು ಸುಮಾರು ಅರ್ಧ ಜನಕ್ಕೆ ಮಾತ್ರ. ಏನಿಲ್ಲ ಅಂದ 100 ಜನರಲ್ಲಿ 11 ಜನಕ್ಕೆ ಗಂಭೀರ ಕ್ಯಾನ್ಸರ್ ಇತ್ತು. ಆ 11 ಜನರಲ್ಲಿ ಒಬ್ಬರಾಗಿ ಮನೆಗೆ ಹೋದವರಿಗೆ ಈ ವಿಷಯ ಯಾರಾದರೂ ಹೇಳಿ ಕಳಿಸಬೇಕು.

ಜಾಸ್ತಿ ಕಂಡರೆ ಒಳ್ಳೆಯದೇ ಅನ್ನುವ ನಂಬಿಕೆಯನ್ನೂ ಪ್ರಶ್ನಿಸಬೇಕು. ಮೂತ್ರಕೋಶದ ಕ್ಯಾನ್ಸರ್ ತೆಗೆಯುವಾಗ ನೀಲಿ ಬೆಳಕು ಬಳಸಿದರೆ, ಬಿಳಿ ಬೆಳಕಿನಲ್ಲಿ ಕಾಣದ ಚುಕ್ಕೆಗಳೂ ಹೊಳೆಯುತ್ತವೆ. ಅವನ್ನೂ ತೆಗೆದರೆ ರೋಗ ಮರುಕಳಿಸುವುದು ಕಡಿಮೆಯಾಗಬೇಕು ಅಲ್ವಾ? ಬ್ರಿಟನ್‌ನ ಫೋಟೊ ಅಧ್ಯಯನದಲ್ಲಿ 538 ಜನರನ್ನು ಹೀಗೆ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ, 3 ವರ್ಷ ಕಳೆದರೂ ಮರುಕಳಿಸುವುದು ಕಡಿಮೆಯಾಗಿರಲಿಲ್ಲ. ಕಲ್ಲಿನ ನೋವಿಗೆ ತುರ್ತು ವಿಭಾಗಕ್ಕೆ ಬಂದ 2,759 ಜನರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಮಾತು ಹೇಳುತ್ತದೆ. ಮೊದಲು ಅಲ್ಟ್ರಾಸೌಂಡ್ ಮಾಡಿದವರಿಗೂ ಮೊದಲೇ ಸಿಟಿ ಮಾಡಿದವರಿಗೂ ಗಂಭೀರ ರೋಗ ತಪ್ಪಿಸಿಕೊಂಡು ತೊಂದರೆ ಆಗುವುದರಲ್ಲಿ ವ್ಯತ್ಯಾಸ ಇರಲಿಲ್ಲ. ವಿಕಿರಣ ಮಾತ್ರ ಅಲ್ಟ್ರಾಸೌಂಡ್ ಗುಂಪಿಗೆ ಕಡಿಮೆ. ಬೇರೆ ಯಾವುದಕ್ಕೋ ಮಾಡಿದ ಸಿಟಿಯಲ್ಲಿ ಕಿಡ್ನಿಯ ಸಣ್ಣ ಗಂಟು ಆಕಸ್ಮಿಕವಾಗಿ ಕಾಣುವುದಂತೂ ಈಗ ದಿನನಿತ್ಯದ ವಿಷಯ. ಆಪರೇಷನ್ ಮಾಡಿ ತೆಗೆದ 4 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟುಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದೇ ಇಲ್ಲ.

ರೋಬೋಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದರ ಸುತ್ತ ಗದ್ದಲವೇ ಜಾಸ್ತಿ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಪ್ರಾಸ್ಟೇಟ್ ತೆಗೆಯುವ ತೆರೆದ ಆಪರೇಷನ್ ಮತ್ತು ರೋಬೋಟ್ ಆಪರೇಷನ್ ಹೋಲಿಸಿದರು. ರೋಬೋಟ್‌ನಲ್ಲಿ ರಕ್ತ ಕಡಿಮೆ ಹೋಯಿತು, ನಿಜ. ಆದರೆ ರೋಗಿಗೆ ಮುಖ್ಯವಾದ ಮೂತ್ರದ ಹಿಡಿತ ಮತ್ತು ಲೈಂಗಿಕ ಶಕ್ತಿಯಲ್ಲಿ 12 ವಾರಕ್ಕೂ ವ್ಯತ್ಯಾಸ ಇರಲಿಲ್ಲ, 24 ತಿಂಗಳಿಗೂ ಇರಲಿಲ್ಲ. ಪಕ್ಕದ ವಿಭಾಗದಿಂದ ಒಂದು ಎಚ್ಚರಿಕೆಯೂ ಇದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಸಣ್ಣ ತೂತಿನ ಆಪರೇಷನ್ ತೆರೆದ ಆಪರೇಷನ್‌ನಷ್ಟೇ ಒಳ್ಳೆಯದು ಅಂತ ಎಲ್ಲರೂ ನಂಬಿದ್ದರು. 2018ರಲ್ಲಿ ಪರೀಕ್ಷಿಸಿ ನೋಡಿದಾಗ, 4.5 ವರ್ಷದ ನಂತರ ರೋಗವಿಲ್ಲದೆ ಬದುಕಿದ್ದವರು ತೆರೆದ ಆಪರೇಷನ್‌ನಲ್ಲಿ 96.5%, ಸಣ್ಣ ತೂತಿನಲ್ಲಿ 86%. ಮರುವರ್ಷವೇ ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಬೋಟ್ ಸಾಧನಗಳ ಸುರಕ್ಷತೆ ಮತ್ತು ಪರಿಣಾಮ ಸ್ಥಾಪಿತವಾಗಿಲ್ಲ ಅಂತ ಎಚ್ಚರಿಸಿತು. ಚಿಕ್ಕ ಗಾಯ, ಚೆಂದದ ಚಿತ್ರ, ಬೇಗ ಮನೆಗೆ ಹೋಗುವುದು, ಇವು ಯಾವುವೂ ರೋಗ ವಾಸಿಯಾಯಿತು ಅನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ.

ಇನ್ನು ಮುಟ್ಟಿ ತಿಳಿಯುವ ವಿದ್ಯೆ. ಗೆಡ್ಡೆ ಎಲ್ಲಿ ಗಟ್ಟಿ, ಅಂಗಾಂಶ ಎಲ್ಲಿ ಹರಿಯಲಿದೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಡ ವಿನ್ಸಿ ರೋಬೋಟ್‌ಗೆ 2024ರಲ್ಲಿ ಬಂದ ಐದನೇ ಮಾದರಿಯ ತನಕ ಈ ಬಲದ ಅರಿವು ಇರಲೇ ಇಲ್ಲ. ಸರ್ಜನ್‌ಗಳು ಕಣ್ಣಿನಿಂದಲೇ ಎಲ್ಲ ಊಹಿಸಬೇಕಾಗಿತ್ತು. ಪರದೆ ನೋಡಿಯೇ ತರಬೇತಿ ಪಡೆದ ಹೊಸಬರು ತೆರೆದ ಆಪರೇಷನ್ ಮಾಡುವುದು ತೀರಾ ಕಡಿಮೆ. ಒಳಗೆ ರಕ್ತ ಚಿಮ್ಮಿ ಕ್ಯಾಮೆರಾ ಕೆಂಪಾದರೆ ಎಲ್ಲ ಚಿತ್ರವೂ ಒಟ್ಟಿಗೆ ಹೋಗುತ್ತದೆ. ಆಗ ಹೊಟ್ಟೆ ತೆರೆಯಬೇಕು, ಅದೂ ಕೆಲವೇ ನಿಮಿಷದಲ್ಲಿ. ಆ ಕೈಚಳಕ ಉಳಿಸಿಕೊಳ್ಳದೆ ಬರೀ ಚಿತ್ರದ ಮೇಲೆ ಒರಗುವುದು ರೋಗಿಯ ಜೀವದ ಜೊತೆ ಮಾಡುವ ಅನ್ಯಾಯ.

ಅನುಮತಿ ಕೊಡುವ ರೀತಿಯೂ ಬದಲಾಗಬೇಕು. ಅಮೆರಿಕದಲ್ಲಿ ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳು, ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಸರಿಸಮ ಅಂತ ತೋರಿಸಿ ಒಪ್ಪಿಗೆ ಪಡೆಯುತ್ತವೆ. ರೋಗಿ ಹೆಚ್ಚು ಕಾಲ ಬದುಕಿದನೇ, ಕಡಿಮೆ ನರಳಿದನೇ ಅಂತ ತೋರಿಸಲೇಬೇಕು ಅಂತಿಲ್ಲ.

ನನ್ನ ಬೇಡಿಕೆಗಳು ಕೆಲವೇ. ಲೆಕ್ಕದಿಂದ ತುಂಬಿದ ಭಾಗ ಯಾವುದು, ನಿಜವಾಗಿ ಅಳೆದ ಭಾಗ ಯಾವುದು ಅಂತ ಪರದೆಯಲ್ಲೇ ಬೇರೆಯಾಗಿ ಕಾಣಬೇಕು. ತಿದ್ದದ ಮೂಲ ಚಿತ್ರ ಒಂದು ಗುಂಡಿ ಒತ್ತಿದರೆ ಸಿಗಬೇಕು. ವೈದ್ಯರು ತಮ್ಮ ಅಭಿಪ್ರಾಯ ಬರೆದ ಮೇಲೆಯೇ ಎಐ ತನ್ನ ಅಂಕ ತೋರಿಸಬೇಕು. ಜೋಡಿಸಿದ ಚಿತ್ರದಲ್ಲಿ ಎಷ್ಟು ಮಿಲಿಮೀಟರ್ ತಪ್ಪು ಇರಬಹುದು ಅನ್ನುವುದು ಸೂಜಿಯ ಪಕ್ಕದಲ್ಲೇ ಬರೆದಿರಬೇಕು. ಆಪರೇಷನ್‌ಗೆ ಸಹಿ ಹಾಕುವ ಮೊದಲು ರೋಗಿ ಕೇಳಬೇಕಾದ ಮಾತೂ ಒಂದಿದೆ: ಈ ಪರದೆ ನಡುವೆ ಆರಿಹೋದರೆ ನೀವು ನನ್ನ ಆಪರೇಷನ್ ಮುಗಿಸಬಲ್ಲಿರಾ, ಹಾಗೆ ಮುಗಿಸಿದ ಅನುಭವ ನಿಮಗೆ ಇದೆಯಾ?